ತಾತನ ಪಿಟೀಲು: ಮಂದ್ರದಲ್ಲಿ ಝರ್ರ್ ಸದ್ದು, ಒಳಗೆ ಸ್ಟ್ರಾಡಿವೇರಿಯಸ್ ಚೀಟಿ

ಮಲೆನಾಡ_ಕಮಾನು:
ತಾತ ನುಡಿಸುತ್ತಿದ್ದ ಪಿಟೀಲನ್ನು ಅಟ್ಟದಿಂದ ಇಳಿಸಿ ಹೊಸ ತಂತಿ ಹಾಕಿಸಿದೆ. ಮಂದ್ರ ಷಡ್ಜ ಎಳೆದರೆ ಡಬ್ಬದೊಳಗೆ ದುಂಬಿ ಸಿಕ್ಕಿಕೊಂಡ ಹಾಗೆ ಝರ್ರ್ ಅನ್ನುತ್ತೆ. ಮೇಲಿನ ತಂತಿಗಳು ಪರವಾಗಿಲ್ಲ. ತಂತಿಗಳನ್ನು ಎತ್ತಿ ಹಿಡಿಯುವ ಕುದುರೆ ನೆಟ್ಟಗೇ ಇದೆ. ಇನ್ನೊಂದು ವಿಷಯ, ಎಫ್ ರಂಧ್ರದಲ್ಲಿ ಟಾರ್ಚ್ ಬಿಟ್ಟರೆ ಹಳದಿ ಚೀಟಿ ಕಾಣುತ್ತೆ: ‘ಆಂಟೋನಿಯಸ್ ಸ್ಟ್ರಾಡಿವೇರಿಯಸ್ ಕ್ರೆಮೊನೆನ್ಸಿಸ್’, ಕೆಳಗೆ ಸಣ್ಣದಾಗಿ ‘ಮೇಡ್ ಇನ್ ಜರ್ಮನಿ’. ಅಷ್ಟು ಹೆಸರಾಂತ ಪಿಟೀಲು ತಯಾರಕನ ಹೆಸರು ಕಂಡು ಮನೆಯಲ್ಲಿ ಆಗಲೇ ಪಾಲಿನ ಮಾತು ಶುರುವಾಗಿದೆ!

ಬಿರಡೆ_ರಿಪೇರಿ:
ಚೀಟಿ ಆಮೇಲೆ, ಮೊದಲು ಸದ್ದು. ಶ್ರುತಿಯನ್ನು ಚೂರುಚೂರೇ ಸರಿಮಾಡುವ ಫೈನ್ ಟ್ಯೂನರ್ ತಿರುಪು ಸಡಿಲ ಇದೆಯಾ ನೋಡಿ, ಎಷ್ಟೋ ಸಲ ಅದರದ್ದೇ ಗಲಾಟೆ. ಅದಲ್ಲದಿದ್ದರೆ ಬೆರಳ ಗೆಣ್ಣಿನಿಂದ ಅಂಚಿನುದ್ದಕ್ಕೂ ಮೆಲ್ಲಗೆ ತಟ್ಟುತ್ತ ಬನ್ನಿ, ಹಿಂಬದಿಗೂ. ಗಟ್ಟಿ ‘ಟಕ್’ ಹೋಗಿ ಒಡಕು ‘ಚಟ್’ ಬಂದ ಕಡೆ ಅಂಟು ಬಿಟ್ಟಿದೆ.

ಸಂಜೆ_ಅಭ್ಯಾಸ:
ನನಗೂ ಹೀಗೇ ಆಗಿತ್ತು. ಬಡಗಿಯ ಬಿಳಿ ಗೋಂದು ಇಳಿಸಿ ದಾರ ಬಿಗಿದಿಟ್ಟೆ. ಎರಡು ವರ್ಷವಾಯಿತು, ಏನೂ ಆಗಿಲ್ಲ.

ಬಿರಡೆ_ರಿಪೇರಿ:
ದಯವಿಟ್ಟು ಬೇಡ. ಪಿಟೀಲಿಗೆ ಹಾಕುವುದು ಪ್ರಾಣಿಯ ಚರ್ಮ ಬೇಯಿಸಿ ತೆಗೆದ ಅಂಟು. ಬಿಸಿ, ತೇವ ತಗುಲಿದರೆ ಬಿಡುತ್ತೆ, ಬಿಡಲೆಂದೇ ಅದನ್ನು ಹಾಕುವುದು. ಮಳೆಗಾಲದಲ್ಲಿ ಮರ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವಾಗ ಅಂಟು ಬಿಟ್ಟುಕೊಟ್ಟರೆ ಹಲಗೆ ಉಳಿಯುತ್ತೆ. ಬಿಳಿ ಗೋಂದು ಹಾಕಿದ್ದರೆ ಹಲಗೆಯೇ ಸೀಳಬಹುದು. ಬಿಚ್ಚಲು ಹೋದರೆ ಮರದ ಪದರವೂ ಕಿತ್ತು ಬರುತ್ತೆ.

ಮಲೆನಾಡ_ಕಮಾನು:
ಹಿಂಬದಿ, ಎದೆಗೆ ಒರಗುವ ಅಂಚಿನಲ್ಲಿ ‘ಚಟ್’! ನಾಲ್ಕು ಬೆರಳಗಲ ಕಾಗದ ಸಂದಿಗೆ ತೂರುತ್ತೆ ಸರ್.

ಬಿರಡೆ_ರಿಪೇರಿ:
ಅಂದುಕೊಂಡೆ. ನಾವು ಕೂತು, ಪಿಟೀಲಿನ ತುದಿಯ ಸುರುಳಿಯನ್ನು ಕಾಲಿನ ಮೇಲಿಟ್ಟು ನುಡಿಸುತ್ತೇವಲ್ಲ, ಬೆವರೆಲ್ಲ ಆ ಅಂಚಿಗೇ. ತಂತಿ ಸ್ವಲ್ಪ ಇಳಿಸಿ ರಿಪೇರಿಗೆ ಒಯ್ಯಿರಿ. ಪೂರ್ತಿ ಇಳಿಸಿದರೆ ಒಳಗೆ ಎರಡು ಹಲಗೆಗಳ ನಡುವೆ ನಿಂತಿರುವ ಸೌಂಡ್ ಪೋಸ್ಟ್ ಅನ್ನೋ ಕಡ್ಡಿ ಬಿದ್ದೀತು. ಚರ್ಮದ ಅಂಟು ಹಾಕಿ ಕ್ಲ್ಯಾಂಪ್ ಬಿಗಿದು ಒಂದು ದಿನ ಬಿಟ್ಟರಾಯಿತು.

ಇನ್ನು ಚೀಟಿ. ಸ್ಟ್ರಾಡಿವರಿ ಇಟಲಿಯ ಕ್ರೆಮೋನಾದಲ್ಲಿ 1737ರಲ್ಲೇ ತೀರಿಕೊಂಡ. ‘ಮೇಡ್ ಇನ್ ಜರ್ಮನಿ’ ಮುದ್ರೆ ಹರಡಿದ್ದು ಬ್ರಿಟನ್ನಿನ 1887ರ ಕಾನೂನಿನ ನಂತರ. ನಿಮ್ಮದು ಬಹುಶಃ ಜರ್ಮನಿಯ ಸ್ಯಾಕ್ಸನಿ ಪ್ರಾಂತ್ಯದ ಮಾರ್ಕ್‌ನೊಯ್‌ಕಿರ್ಖೆನ್ ಸುತ್ತಮುತ್ತಲಿನದು. ಅಲ್ಲಿ ಒಂದು ಮನೆಯವರು ಸುರುಳಿ ಕೆತ್ತಿದರೆ ಇನ್ನೊಂದು ಮನೆಯವರು ಹಲಗೆ ಕೆತ್ತುತ್ತಿದ್ದರು, ವಾರ್ನಿಷ್ ಬಳಿಯುವವರೇ ಬೇರೆ. ವ್ಯಾಪಾರಿಗಳು ಕೊಂಡು ದೇಶ ದೇಶಕ್ಕೆ ಕಳಿಸುತ್ತಿದ್ದರು. ಹಾಗಾಗಿ ‘ಮಾಡಿದವರು ಯಾರು’ ಅಂದರೆ ಒಂದು ಬೀದಿಯನ್ನೇ ತೋರಿಸಬೇಕು. ಚೀಟಿಯಲ್ಲಿರುವುದು ಯಾರ ಮಾದರಿ ಅನುಸರಿಸಿದ್ದು ಅಂತ ಅಷ್ಟೇ. ಅಂಚಿನ ಕಪ್ಪು ಗೆರೆ ಮರದೊಳಗೆ ಕೂರಿಸಿದ್ದೋ, ಬಣ್ಣದಲ್ಲಿ ಎಳೆದದ್ದೋ ನೋಡಿ. ಅಗ್ಗದವಕ್ಕೆ ಬರೀ ಬಣ್ಣ ಎಳೆದುಬಿಡುತ್ತಿದ್ದರು.

ಮಲೆನಾಡ_ಕಮಾನು:
ಕೂರಿಸಿದ ಗೆರೆಯೇ ಸರ್. ಅಂಟು ಹಾಕಿಸಿ ತಂದೆ, ದುಂಬಿ ಹಾರಿಹೋಯಿತು. ಚೀಟಿಯ ಕತೆ ಕೇಳಿದ ಮೇಲೆ ಚಿಕ್ಕಪ್ಪನ ಫೋನೂ ಬಂದಿಲ್ಲ.