ಮಳೆಗಾಲದಲ್ಲಿ ಕಚ್ಚಿಕೊಳ್ಳುವ ಮಡಚು ಚಾಕು: ಒಣಗಿಸೋದಾ, ಎಣ್ಣೆ ಹಾಕೋದಾ, ಉಜ್ಜೋದಾ?

ಕೇಳಿದವರು: ಸಿರ್ಸಿ ಹತ್ತಿರದ ತೋಟದಿಂದ

ಎಲ್ಲರಿಗೂ ನಮಸ್ಕಾರ. ನನ್ನ ಹತ್ರ ಒಪಿನೆಲ್ 8ನೇ ನಂಬರಿನ ಮಡಚು ಚಾಕು ಇದೆ. ಕಾರ್ಬನ್ ಸ್ಟೀಲ್ ಅಲಗು, ಬೀಚ್ ಮರದ ಹಿಡಿ. ಕಾಳುಮೆಣಸನ್ನು ಹಿಪ್ಪಲಿಗೆ ಕಸಿ ಕಟ್ಟೋಕೆ ಇದನ್ನೇ ಬಳಸ್ತೀನಿ. ಬೇಸಿಗೆಯಲ್ಲಿ ಉಗುರು ತಾಗಿಸಿದರೆ ಸಾಕು, ಸಲೀಸಾಗಿ ತೆರೆದುಕೊಳ್ಳುತ್ತೆ. ಆರಿದ್ರಾ ಮಳೆ ಹಿಡಿದ ಮೇಲೆ ಮಾತ್ರ ಎಷ್ಟು ಎಳೆದರೂ ಬರಲ್ಲ, ಉಗುರೇ ಕಿತ್ತು ಬರುವಷ್ಟು ಬಿಗಿ. ಅಲಗು ಕೂರುವ ಸೀಳಿನೊಳಗೆ ಉಪ್ಪುಕಾಗದ ಹಾಕಿ ಉಜ್ಜಲಾ? ಎಣ್ಣೆ ಹಾಕೋದಾದರೆ ಯಾವುದು? ಹಾಗೇ, ಒದ್ದೆ ಕೈಯಲ್ಲಿ ತೆರೆಯೋಕೆ ಸುಲಭವಾಗುವಂತೆ ಹಿಡಿಯನ್ನು ಸ್ವಲ್ಪ ಬದಲಿಸಿಕೊಂಡವರು ಯಾರಾದರೂ ಇದ್ದೀರಾ? ಇನ್ನೊಂದು ಪೂರ್ತಿ ಸ್ಟೀಲಿನ ಸ್ಕ್ರೂ ಚಾಕು ಕೂಡ ಇದೆ, ಅದು ತೆರೆಯುವಾಗ ಕರಕರ ಅನ್ನುತ್ತೆ. ಎರಡನ್ನೂ ಮನೆಯಲ್ಲೇ ಸರಿ ಮಾಡಿಕೊಳ್ಳಬೇಕು ಅಂತಿದ್ದೀನಿ. ಮಾಡಿ ನೋಡಿದವರು ಹೇಳಿ.

ಸಾಗರ, ಮರಗೆಲಸ

ಮಾರಾಯ್ರೆ, ಮೊದಲು ಆ ಉಪ್ಪುಕಾಗದ ಕೆಳಗಿಡಿ. ಈಗ ಉಜ್ಜಿದರೆ ಮಳೆಗಾಲಕ್ಕೆ ಸರಿಯಾಗುತ್ತೆ, ಆದರೆ ಶಿವರಾತ್ರಿ ಹೊತ್ತಿಗೆ ಮರ ಒಣಗಿ ಅಲಗು ಲಟಲಟ ಅಲುಗಾಡುತ್ತೆ. ಕಸಿ ಕಟ್ಟುವ ಚಾಕು ಅಲುಗಾಡಿದರೆ ಸೀಳು ನೇರ ಬರಲ್ಲ, ಬೆರಳಿಗೂ ಅಪಾಯ. ತೆಗೆದ ಮರವನ್ನು ಮತ್ತೆ ಹಚ್ಚೋಕಾಗಲ್ಲ. ಹಾಗಾಗಿ ನನ್ನ ಕ್ರಮ ಇಷ್ಟು: ಮೊದಲು ಒಣಗಿಸಿ, ಆಮೇಲೆ ಜಿಡ್ಡು ಕೊಡಿ, ಅಷ್ಟಾದರೂ ಬಿಗಿ ಉಳಿದರೆ ಮಾತ್ರ ಉಜ್ಜಿ.

ಯಾಕೆ ಬಿಗಿಯುತ್ತೆ ಅಂದರೆ, ಮರ ತೇವ ಕುಡಿದಾಗ ಉದ್ದಕ್ಕೆ ಹೆಚ್ಚುಕಮ್ಮಿ ಬೆಳೆಯೋದೇ ಇಲ್ಲ, ಅಡ್ಡಕ್ಕೆ ಉಬ್ಬುತ್ತೆ. ಅದರಲ್ಲೂ ವರ್ಷದ ಉಂಗುರಗಳ ಗುಂಟ ಉಬ್ಬುವುದು, ತಿರುಳಿನಿಂದ ತೊಗಟೆ ಕಡೆಗೆ ಉಬ್ಬುವುದಕ್ಕಿಂತ ಸುಮಾರು ಎರಡು ಪಟ್ಟು. ಬೀಚ್ ಈ ವಿಷಯದಲ್ಲಿ ಚುರುಕಿನ ಮರ. ನಮ್ಮ ಸಾಗುವಾನಿ ಅದರ ಅರ್ಧದಷ್ಟೂ ಅಲುಗೋದಿಲ್ಲ. ಈಗ ಚಾಕುವಿನ ಕತ್ತು ನೋಡಿ. ಅಲ್ಲಿ ಮರದ ಸುತ್ತ ಒಂದು ಸ್ಟೀಲ್ ಬಳೆ ಗಟ್ಟಿಯಾಗಿ ಕೂತಿದೆ, ಅದರ ಮೇಲೆ ತಿರುಗುವ ಬೀಗದ ಬಳೆ ಇನ್ನೊಂದು. ಉಬ್ಬಿದ ಮರಕ್ಕೆ ಹೊರಗೆ ಹೋಗೋಕೆ ಒಳಗಿನ ಬಳೆ ಬಿಡಲ್ಲ. ಅದು ಒಳಕ್ಕೇ ಒತ್ತಿಕೊಂಡು ಬಂದು ಅಲಗಿನ ಬುಡವನ್ನು ಎರಡೂ ಕಡೆಯಿಂದ ಅದುಮುತ್ತೆ. ಇದು ಚಾಕುವಿನ ದೋಷ ಅಲ್ಲ, ಮರದ ಗುಣ. ಮಳೆಗಾಲದಲ್ಲಿ ನಮ್ಮ ಮನೆಯ ಬಾಗಿಲು ದಾರಂದಕ್ಕೆ ಕಚ್ಚಿಕೊಳ್ಳುವ ಹಾಗೇ ಇದೂ.

ಒಣಗಿಸೋದು ನಿಧಾನಕ್ಕೆ ಆಗಬೇಕು. ಒಲೆಯ ಮೇಲೆ, ಬಿಸಿಲಲ್ಲಿ ಕಾದ ಹಂಚಿನ ಮೇಲೆ ಎಲ್ಲ ಇಡಬೇಡಿ, ರಿವಿಟ್ (ಅಲಗು ತಿರುಗುವ ಮೊಳೆ) ಹತ್ತಿರವೇ ಮರ ಬಿರುಕು ಬಿಡುತ್ತೆ. ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ, ಬೆಚ್ಚಗಿನ ಗಾಳಿ ಆಡುವ ಕಡೆ, ಅಲಗನ್ನು ಅರ್ಧ ತೆರೆದು ಇಡಿ. ಪೇಟೆಯಲ್ಲಿದ್ದರೆ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಅದರೊಳಗೆ ಇಟ್ಟರೂ ಆಯ್ತು. ಒಣಗಿತೋ ಇಲ್ಲವೋ ಅಂತ ಕೈಯಲ್ಲಿ ಮುಟ್ಟಿ ತಿಳಿಯಲ್ಲ. ಆಭರಣ ತೂಗುವ ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿ ಇದ್ದರೆ ದಿನಾ ತೂಗಿ ಬರೆದಿಡಿ. ತೂಕ ಇಳಿಯೋದು ನಿಂತ ದಿನ ಮರ ಒಣಗಿದೆ ಅಂತ ಅರ್ಥ. ಅಲ್ಲಿಯವರೆಗೆ ಎಣ್ಣೆ, ಮೇಣ ಏನೂ ಬೇಡ. ಹಸಿ ಮರಕ್ಕೆ ಮೇಣ ಹಚ್ಚಿದರೆ ತೇವ ಒಳಗೇ ಉಳಿಯುತ್ತೆ, ಕಾರ್ಬನ್ ಸ್ಟೀಲಿನ ಬುಡಕ್ಕೆ ತುಕ್ಕು ಹಿಡಿಯುತ್ತೆ. ಆ ತುಕ್ಕೂ ಬಿಗಿಗೆ ಕಾರಣ ಆಗುತ್ತೆ.

ಒಣಗಿದ ಮೇಲೆ ಜಿಡ್ಡು. ಇಲ್ಲಿ ತುಂಬ ಜನ ಹೊರಮೈಗೂ, ಅಲಗು ತಿರುಗುವ ಕೀಲಿಗೂ ಒಂದೇ ಎಣ್ಣೆ ಹಾಕ್ತಾರೆ. ಎರಡರ ಕೆಲಸ ಬೇರೆ. ಹೊರಮೈಗೆ ಒಣಗಿ ಗಟ್ಟಿಯಾಗುವ ಎಣ್ಣೆ ಬೇಕು, ಅಗಸೆ ಎಣ್ಣೆ ಅಂಥದ್ದು. ಕೀಲಿಗೆ ಯಾವತ್ತೂ ಒಣಗದ ಜಿಡ್ಡು ಬೇಕು. ಅಗಸೆ ಎಣ್ಣೆಯನ್ನು ಕೀಲಿಗೆ ಬಿಟ್ಟರೆ ಕೆಲವು ವಾರಗಳಲ್ಲಿ ಅದೇ ಅಂಟಾಗಿ ಅಲಗನ್ನು ಹಿಡಿದು ಕೂರುತ್ತೆ. ಕೀಲಿಗೆ ನಾನು ಬಳಸೋದು ಬರೀ ವ್ಯಾಸಲೀನ್. ಅಲಗು ತೆರೆದು, ಬುಡದ ಎರಡೂ ಕಡೆ, ಸೀಳಿನ ಬಾಯಲ್ಲಿ ಧಾರಾಳವಾಗಿ ಹಚ್ಚಿ, ತಲೆಕೂದಲು ಒಣಗಿಸುವ ಯಂತ್ರದ ಬಿಸಿ ಗಾಳಿ ದೂರದಿಂದ ಹಿಡೀರಿ. ಕರಗಿ ಮರದೊಳಗೆ ಇಳಿಯೋದು ಕಣ್ಣಿಗೇ ಕಾಣುತ್ತೆ: ಬಿಳಿಯಾಗಿದ್ದದ್ದು ನೀರಾಗಿ, ಮರ ಕಪ್ಪಗಾಗಿ, ಮತ್ತೆ ಮೇಲ್ಮೈ ಒಣಗಿದ ಹಾಗೆ ಆಗುತ್ತೆ. ಇನ್ನೊಮ್ಮೆ ಹಚ್ಚಿ. ಕುಡಿಯೋದು ನಿಲ್ಲಿಸಿದಾಗ ಒರೆಸಿ, ಬೀಗದ ಬಳೆ ತೆರೆದಿಟ್ಟು ಅಲಗನ್ನು ಹತ್ತಾರು ಸಲ ತೆರೆದು ಮಡಚಿ.

ಉಡುಪಿಯಿಂದ

ನಮ್ಮಲ್ಲಿ ಎಲ್ಲದಕ್ಕೂ ತೆಂಗಿನೆಣ್ಣೆಯೇ. ಅಡುಗೆಮನೆಯ ಇಂಥದ್ದೇ ಚಾಕುವಿಗೆ ಅಮ್ಮ ವಾರಕ್ಕೊಮ್ಮೆ ಹಚ್ಚುತ್ತಾರೆ, ಸಲೀಸಾಗಿದೆ. ಇದರಲ್ಲಿ ತೊಂದರೆ ಏನಾದರೂ ಉಂಟಾ?

ಸಾಗರ, ಮರಗೆಲಸ

ವಾರ ವಾರ ಒರೆಸಿ ಹೊಸದು ಹಚ್ಚುವವರಿಗೆ ತೊಂದರೆ ಇಲ್ಲ. ಹಚ್ಚಿ ಮರೆತು ಪೆಟ್ಟಿಗೆಯಲ್ಲಿಟ್ಟರೆ ಕಮಟು ವಾಸನೆ ಬರುತ್ತೆ, ಧೂಳು ಸೇರಿ ಅಂಟಾಗುತ್ತೆ. ಚಳಿಯಲ್ಲಿ ನಮ್ಮ ಕಡೆ ಹೆಪ್ಪುಗಟ್ಟಿಯೂ ಬಿಡುತ್ತೆ. ತಿನ್ನುವ ಪದಾರ್ಥ ಕೊಯ್ಯುವ ಚಾಕುವಾದರೆ ಮೆಡಿಕಲ್ ಶಾಪಿನಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್ ತನ್ನಿ. ಹೆಸರು ಕೇಳಿ ಹೆದರಬೇಡಿ, ಮಲಬದ್ಧತೆಗೆ ಕುಡಿಸುವ ಔಷಧಿ ಅದು. ಹಳಸಲ್ಲ, ವಾಸನೆಯೂ ಇಲ್ಲ.

ಅಗಸೆ ಎಣ್ಣೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಪೇಂಟ್ ಅಂಗಡಿಯ ಬಾಯ್ಲ್ಡ್ ಲಿನ್ಸೀಡ್ ಹಚ್ಚಿ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೀಬೇಡಿ. ಎಣ್ಣೆ ಗಾಳಿಯ ಜೊತೆ ಸೇರಿ ಒಣಗುವಾಗ ಬಿಸಿ ಹುಟ್ಟುತ್ತೆ, ಮುದ್ದೆಯೊಳಗೆ ಆ ಬಿಸಿ ಕೂಡಿಕೊಂಡು ಬಟ್ಟೆ ತಾನಾಗೇ ಹೊತ್ತಿಕೊಳ್ಳಬಹುದು. ಕೊಟ್ಟಿಗೆಯಲ್ಲಿ ಒಣಹುಲ್ಲು ಇರುವ ಮನೆಗಳು ನಮ್ಮವು. ಬಟ್ಟೆಯನ್ನು ಹೊರಗೆ ಕಲ್ಲಿನ ಮೇಲೆ ಬಿಡಿಸಿ ಹರಡಿ, ಇಲ್ಲ ನೀರಲ್ಲಿ ಮುಳುಗಿಸಿಡಿ.

ಲಿಯಾನ್, ಫ್ರಾನ್ಸ್

ಈ ಚಾಕು ಹುಟ್ಟಿದ ಸಾವೊಯಾ ಪ್ರಾಂತ್ಯ ನಾನಿರುವ ಊರಿಗೆ ಹತ್ತಿರ. ಜೋಸೆಫ್ ಒಪಿನೆಲ್ 1890ರಲ್ಲಿ ಆಲ್ಪ್ಸ್ ಬೆಟ್ಟಗಳ ಒಂದು ಹಳ್ಳಿಯಲ್ಲಿ, ಅಪ್ಪನ ಕೊಡಲಿ-ಕತ್ತಿ ಮಾಡುವ ಕುಲುಮೆಯಲ್ಲಿ ಇದನ್ನು ಶುರು ಮಾಡಿದ್ದು. ರೈತರ ಜೇಬಿಗೆ ಅಂತಲೇ ಮಾಡಿದ್ದರಿಂದ ಅಷ್ಟು ಸರಳ. ಬೀಗದ ಬಳೆ ಬಂದದ್ದು 1955ರಲ್ಲಿ. ಮಡಚಿದಾಗಲೂ ಬೀಗ ಬೀಳುವ ಹಾಗೆ ಆದದ್ದು 2000ದಿಂದ ಈಚೆಗೆ. ಹಿಡಿ ಉಬ್ಬಿ ಅಲಗು ಕಚ್ಚಿಕೊಳ್ಳೋದು ಇಲ್ಲಿನವರಿಗೂ ಹಳೇ ಪರಿಚಯ. ಅದಕ್ಕೆ ಅವರು ಮಾಡುವ ಉಪಾಯಕ್ಕೆ ಸಾವೊಯಾದವರ ಪೆಟ್ಟು ಅಂತಲೇ ಹೆಸರಿದೆ. ಬಳೆಯನ್ನು ತೆರೆದ ಜಾಗಕ್ಕೆ ತಿರುಗಿಸಿ, ಹಿಡಿಯ ಹಿಂತುದಿಯನ್ನು ಮೇಜಿನ ಅಂಚಿಗೆ ಚುರುಕಾಗಿ ಕುಟ್ಟಬೇಕು. ಅಲಗು ಬೆರಳಲ್ಲಿ ಹಿಡಿಯುವಷ್ಟು ಹೊರಗೆ ಬರುತ್ತೆ. ಅಲಗು ಹೊರಬರುವ ದಾರಿಯಲ್ಲಿ ಬೆರಳಿರಬಾರದು, ಅಷ್ಟು ಗಮನ ಇರಲಿ. ತೋಟದ ಮಧ್ಯೆ ಸಿಕ್ಕಿಹಾಕಿಕೊಂಡಾಗ ಇದೇ ಮಾಡಿ, ಇಕ್ಕಳ ಹಾಕಿ ಎಳೆಯಬೇಡಿ.

ಸಾಗರದವರ ಮಾತು ಎಷ್ಟು ನಿಜ ಅನ್ನೋದು ಇಲ್ಲಿ ಪ್ರತಿ ಚಳಿಗಾಲ ಕಾಣುತ್ತೆ. ಹೀಟರ್ ಹಾಕಿದ ಮನೆಯ ಒಣ ಗಾಳಿಯಲ್ಲಿ ಇದೇ ಚಾಕು ಎಷ್ಟು ಸಡಿಲ ಆಗುತ್ತೆ ಅಂದರೆ, ಬೀಗ ಬಿಚ್ಚಿ ತಲೆಕೆಳಗು ಮಾಡಿದರೆ ಅಲಗು ತಾನಾಗೇ ಜಾರುತ್ತೆ. ಉಜ್ಜಿ ಇನ್ನಷ್ಟು ಸಡಿಲ ಮಾಡಿದ್ದರೆ ಏನಾಗುತ್ತಿತ್ತು ಯೋಚಿಸಿ.

ಸಾಗರ, ಮರಗೆಲಸ

ಉಜ್ಜಲೇಬೇಕಾದ ಚಾಕುಗಳೂ ಇವೆ, ಆ ಕ್ರಮವನ್ನೂ ಬರೆದುಬಿಡ್ತೀನಿ. ಪೂರ್ತಿ ಒಣಗಿ, ಜಿಡ್ಡು ಕುಡಿದ ಮೇಲೂ ಬಿಗಿ ಇದ್ದರೆ, ಎಲ್ಲಿ ತಾಗುತ್ತಿದೆ ಅಂತ ಮೊದಲು ಕಂಡುಹಿಡೀರಿ. ಜಿಡ್ಡು ಒರೆಸಿ, ಅಲಗಿನ ಬುಡದ ಎರಡೂ ಮೈಗೆ ದೀಪದ ಕಾಡಿಗೆಯನ್ನು ತೆಳುವಾಗಿ ಸವರಿ. ಮೂರ್ನಾಲ್ಕು ಸಲ ತೆರೆದು ಮಡಚಿ. ಟಾರ್ಚ್ ಬಿಟ್ಟು ಸೀಳಿನೊಳಗೆ ನೋಡಿದರೆ ಮರಕ್ಕೆ ಕಪ್ಪು ಅಂಟಿದ ಜಾಗ ಕಾಣುತ್ತೆ. ಹೆಚ್ಚಿನಂಶ ರಿವಿಟ್‌ನ ಹತ್ತಿರ, ಒಂದೇ ಪಕ್ಕದಲ್ಲಿ, ಅಕ್ಕಿಕಾಳಷ್ಟು ಜಾಗ. ಉಜ್ಜಬೇಕಾದದ್ದು ಅಷ್ಟನ್ನು ಮಾತ್ರ. ಸೀಳಿನಲ್ಲಿ ಹೋಗುವಷ್ಟು ತೆಳ್ಳಗಿನ ಪಟ್ಟಿಗೆ, ಹ್ಯಾಕ್ಸಾ ಬ್ಲೇಡಿನ ಹಲ್ಲು ಉಜ್ಜಿ ತೆಗೆದದ್ದಾದರೂ ಸರಿ, 320 ನಂಬರಿನ ಕಾಗದ ಒಂದೇ ಬದಿಗೆ ಅಂಟಿಸಿ. ನಾಲ್ಕು ಸಲ ಎಳೆಯಿರಿ, ಪುಡಿ ಊದಿ ತೆಗೀರಿ, ಮತ್ತೆ ಕಾಡಿಗೆ ಹಚ್ಚಿ ನೋಡಿ. ಕಪ್ಪು ಎರಡೂ ಪಕ್ಕಕ್ಕೆ ಸಮವಾಗಿ, ತೆಳ್ಳಗೆ ಅಂಟತೊಡಗಿದರೆ ನಿಲ್ಲಿಸಿಬಿಡಿ.

ಬೀಗದ ಬಳೆ ಅಡ್ಡ ಬಂದರೆ ಸರ್ಕ್ಲಿಪ್ ಪ್ಲೈಯರಿನಿಂದ ಸ್ವಲ್ಪವೇ ಅಗಲಿಸಿ ಕಳಚಬಹುದು. ಅಲಗಿಗೆ ಮೊದಲು ದಪ್ಪ ಟೇಪ್ ಸುತ್ತಿ. ವಾಪಸ್ ಹಾಕಿದ ಮೇಲೆ ಬಳೆ ತಿರುಗಿ ಗಟ್ಟಿಯಾಗಿ ಕೂರುತ್ತಾ ನೋಡಿ. ಸಡಿಲ ಕಂಡರೆ ಬಳೆ ತೆಗೆದು ಕೈಯಲ್ಲೇ ತುಸು ಒತ್ತಿ ಕಿರಿದು ಮಾಡಿ. ರಿವಿಟ್ ಹೊಡೆದು ತೆಗೆಯುವ ಕೆಲಸಕ್ಕೆ ಕೈ ಹಾಕಬೇಡಿ ಅನ್ನೋದು ನನ್ನ ಅಭಿಪ್ರಾಯ. ಅದರ ತುದಿ ಬಡಿದು ಹರಡಿದ್ದು, ತೆಗೆದ ಮೇಲೆ ಹೊಸದನ್ನೇ ಹೊಂದಿಸಬೇಕು. ಬಿಗಿ ಬಿಡಿಸೋಕೆ ಅಷ್ಟು ದೂರ ಹೋಗುವ ಅಗತ್ಯ ಬರೋದು ಬಹಳ ಅಪರೂಪ.

ಪೀಣ್ಯ, ಟೂಲ್ ರೂಮ್ ಕೆಲಸ

ಅಣ್ಣಾ, ಸ್ಕ್ರೂ ಇರುವ ಚಾಕು ಬಗ್ಗೆ ನಾನು ಹೇಳ್ತೀನಿ. ಕರಕರ ಅಂದರೆ ವಾಷರ್ ಮಧ್ಯೆ ಕೊಳೆ, ಇಲ್ಲ ವಾಷರ್ ಮೈಯಲ್ಲೇ ಮುಳ್ಳು. ನಕ್ಷತ್ರ ತಲೆಯ ಸ್ಕ್ರೂ ಇರುತ್ತೆ, ಕೀಲಿಗೆ ಹೆಚ್ಚಾಗಿ ಟಿ8, ಸಣ್ಣವಕ್ಕೆ ಟಿ6. ಸರಿಯಾದ ಬಿಟ್ ಇಲ್ಲದೆ ಮುಟ್ಟಬೇಡಿ, ತಲೆ ಸವೆದರೆ ಮುಗೀತು. ಅಲಗಿನ ಬಾಯಿಗೆ ಟೇಪ್ ಸುತ್ತಿ, ಬಿಳಿ ಬಟ್ಟೆ ಹಾಸಿ, ಒಂದೊಂದು ಬಿಚ್ಚಿದಾಗಲೂ ಫೋನಿನಲ್ಲಿ ಫೋಟೊ ತೆಗೀರಿ. ವಾಷರ್ ಯಾವ ಮೈ ಯಾವ ಕಡೆ ಇತ್ತು ಅನ್ನೋದೂ ಮುಖ್ಯ, ಬಳಸಿ ಬಳಸಿ ಜೋಡಿ ಹೊಂದಿಕೊಂಡಿರುತ್ತೆ.

ಎಲ್ಲವನ್ನೂ ಸೀಮೆಎಣ್ಣೆಯಲ್ಲೋ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲೋ ತೊಳೆದು ಒರೆಸಿ. ಶೇಕಡಾ ಎಂಬತ್ತು ಕೆಲಸ ಇಷ್ಟಕ್ಕೇ ಆಗಿರುತ್ತೆ ಅನ್ನೋದು ನನ್ನ ಅಂದಾಜು. ಕಂಚಿನ ವಾಷರ್‌ನಲ್ಲಿ ಗೀರು ಕಂಡರೆ ಗಾಜಿನ ಮೇಲೆ 2000 ನಂಬರಿನ ವಾಟರ್ ಪೇಪರ್ ಇಟ್ಟು, ಒಂದು ಹನಿ ಎಣ್ಣೆ ಹಾಕಿ, ಬೆರಳ ತುದಿಯಲ್ಲಿ ಒತ್ತದೆ ಎಂಟರ ಆಕಾರದಲ್ಲಿ ತಿರುಗಿಸಿ. ಮಂಕಾದ ಕಲೆ ಹೋಗಿ ಪೂರ್ತಿ ಒಂದೇ ಹೊಳಪು ಬಂದರೆ ಸಾಕು. ತೆಳ್ಳಗೆ ಮಾಡೋದು ಉದ್ದೇಶ ಅಲ್ಲ. ಜೋಡಿಸುವಾಗ ಒಂದೊಂದು ವಾಷರ್‌ಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ. ಕೀಲಿನ ಸ್ಕ್ರೂ ಅಲುಗಾಟ ನಿಲ್ಲುವವರೆಗೆ ಬಿಗಿ ಮಾಡಿ, ಆಮೇಲೆ ಕೂದಲೆಳೆಯಷ್ಟು ಸಡಿಲಿಸಿ. ಬಳಸ್ತಾ ಬಳಸ್ತಾ ಸಡಿಲ ಆಗುವ ಸ್ವಭಾವ ಇದ್ದರೆ ಸ್ಕ್ರೂವಿನ ಎಳೆಗೆ ನೀಲಿ ಥ್ರೆಡ್ ಲಾಕರ್ (ಸ್ಕ್ರೂ ಹಿಡಿದಿಡುವ ಅಂಟು) ಚುಕ್ಕೆ ಇಡಿ, ಕೆಂಪು ಬೇಡ, ಮತ್ತೆ ಬಿಚ್ಚೋಕೆ ಕಾಯಿಸಬೇಕಾಗುತ್ತೆ.

ಎರಡು ಜಾಗಕ್ಕೆ ಅರ, ಕಾಗದ ಯಾವುದೂ ಮುಟ್ಟಬಾರದು. ಒಂದು, ಅಲಗನ್ನು ಮಡಚಿದ ಸ್ಥಿತಿಯಲ್ಲಿ ಹಿಡಿದಿಡುವ ಪುಟ್ಟ ಗುಂಡು ಮತ್ತು ಅದು ಕೂರುವ ಗುಳಿ. ಅದನ್ನು ಸವೆಸಿದರೆ ತೆರೆಯೋದು ಹಗುರ ಅನ್ನಿಸುತ್ತೆ ನಿಜ, ಆದರೆ ಜೇಬಿನಲ್ಲಿ ತಾನಾಗೇ ತೆರೆದುಕೊಳ್ಳುತ್ತೆ. ಇನ್ನೊಂದು, ಬೀಗದ ಪಟ್ಟಿ ಅಲಗಿಗೆ ತಾಗುವ ಮುಖ. ಅಲ್ಲಿನ ಕೋನ ಸ್ವಲ್ಪ ತಪ್ಪಿದರೂ ಕೆಲಸದ ಮಧ್ಯೆ ಬೀಗ ಜಾರಿ ಅಲಗು ಬೆರಳ ಮೇಲೆ ಮಡಚುತ್ತೆ. ನುಣುಪು ಬೇಕು ಅಂತ ಈ ಎರಡನ್ನು ಉಜ್ಜುವ ವಿಡಿಯೊಗಳು ಎಷ್ಟೋ ಇವೆ, ದಯವಿಟ್ಟು ಅವನ್ನು ನಂಬಬೇಡಿ.

ತೀರ್ಥಹಳ್ಳಿ, ಸಸಿ ನರ್ಸರಿ

ತಮ್ಮಾ, ನಾವೂ ಮಳೆಗಾಲದಲ್ಲೇ ಹಿಪ್ಪಲಿ ಕಸಿ ಮಾಡೋರು, ಹಾಗಾಗಿ ನಿಮ್ಮ ಒದ್ದೆ ಕೈ ತಾಪತ್ರಯ ನನಗೆ ಚೆನ್ನಾಗಿ ಗೊತ್ತು. ಉಗುರು ಹಾಕುವ ಗುಳಿಯನ್ನು ನಂಬಿ ಕೂತರೆ ಆಗಲ್ಲ. ನಾನು ಮಾಡಿಸಿಕೊಂಡದ್ದು ಹೀಗೆ: ಅಲಗು ಮಡಚಿದಾಗ ಆ ಗುಳಿ ಇರುವ ಜಾಗದ ನೇರಕ್ಕೆ, ಹಿಡಿಯ ಎರಡೂ ತುಟಿಯ ಮರವನ್ನು ದುಂಡು ಅರದಲ್ಲಿ ಹೆಬ್ಬೆರಳಗಲ ತಗ್ಗಿಸೋದು. ಅಲಗಿನ ಬೆನ್ನು ಒಂದಿಷ್ಟು ಹೊರಗೆ ಕಾಣುತ್ತೆ, ಹೆಬ್ಬೆರಳು ತೋರುಬೆರಳು ಸೇರಿಸಿ ಚಿವುಟಿ ಹಿಡಿದು ತೆರೆಯಬಹುದು. ಬಾಯಿ ಮಾತ್ರ ಎಂದೂ ಹೊರಗೆ ಕಾಣಬಾರದು. ಮೊದಲೇ ಪೆನ್ಸಿಲಿನಲ್ಲಿ ಬಾಯಿಯ ಗೆರೆ ಎಲ್ಲಿ ಬರುತ್ತೆ ಅಂತ ಹಿಡಿಯ ಮೇಲೆ ಎಳೆದುಕೊಂಡು, ಅದಕ್ಕಿಂತ ಸಾಕಷ್ಟು ಮೇಲೆಯೇ ನಿಲ್ಲಿಸಿ. ಅರ ಹಾಕಿದ ಕಡೆ ವಾರ್ನಿಶ್ ಹೋಗಿ ಬರೀ ಮರ ತೆರೆದುಕೊಂಡಿರುತ್ತೆ, ಅಲ್ಲಿಗೆ ಅಗಸೆ ಎಣ್ಣೆ ಒಂದೆರಡು ಕೈ ಕೊಡದಿದ್ದರೆ ನೀರು ಅದೇ ದಾರಿ ಹಿಡಿಯುತ್ತೆ.

ಕಸಿಗೇ ಮೀಸಲಿಟ್ಟ ಚಾಕುವಾದರೆ ಸಾಣೆಯನ್ನು ಒಂದೇ ಮಗ್ಗುಲಿಗೆ ಹಿಡೀರಿ, ಇನ್ನೊಂದು ಮಗ್ಗುಲು ಚಪ್ಪಟೆ ಇರಲಿ. ಬೆಣೆ ಕೆತ್ತುವಾಗ ಮೈ ನೇರ ಬರುತ್ತೆ, ಕಸಿಕೊಂಬೆ ಬೇರುಸಸಿಗೆ ಸಂದಿಲ್ಲದೆ ಕೂರುತ್ತೆ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಅಲಗನ್ನು ಸ್ಪಿರಿಟ್ ಹತ್ತಿಯಲ್ಲಿ ಒರೆಸುವ ರೂಢಿ ಇರಲಿ, ಆದರೆ ಚಾಕುವನ್ನೇ ಅದ್ದಬೇಡಿ.

ಹಲಸಿನ ಮರಕ್ಕೂ ಇದೇ ಚಾಕು ಹಾಕುವವರಿದ್ದೀರಿ. ಅದರ ಮೇಣ ಕೀಲಿನ ಹತ್ತಿರ ಹೋದರೆ ಯಾವ ಉಜ್ಜಾಟವೂ ನಡೆಯಲ್ಲ. ಉಡುಪಿಯವರ ತೆಂಗಿನೆಣ್ಣೆ ಬೇಕಾಗೋದು ಇಲ್ಲಿ. ಬಟ್ಟೆಗೆ ಹಾಕಿ ಮೇಣ ಮೆತ್ತಗಾಗುವವರೆಗೆ ಒರೆಸಿ, ಆಮೇಲೆ ಸೋಪು ನೀರಿನ ಬಟ್ಟೆ, ಆಮೇಲೆ ಒಣ ಬಟ್ಟೆ. ಮೇಣ ಹಸಿ ಇರುವಾಗಲೇ, ಮರದ ಬುಡದಲ್ಲೇ ಮಾಡಿಬಿಡಿ.