ಬಟ್ಟೆ ಇಲ್ಲದ ಹಾಯಿಗೆ ಏನನ್ನೋಣ?

ಎಲ್ರಿಗೂ ನಮಸ್ಕಾರ. ಫ್ರಾನ್ಸಿನ ಜಾಕ್ ಕುಸ್ತೋ ಅವರ ಸಮುದ್ರ ಸಂಶೋಧನಾ ಹಡಗು ಆಲ್ಸಿಯೋನ್ ಬಗ್ಗೆ ಹೈಸ್ಕೂಲ್ ಮಕ್ಕಳಿಗೆ ಒಂದು ಲೇಖನ ಬರೀತಾ ಇದೀನಿ, ಟರ್ಬೋಸೈಲ್ ಅನ್ನೋ ಪದಕ್ಕೆ ಕನ್ನಡದಲ್ಲಿ ಏನನ್ನೋದು ಅಂತ ಗೊತ್ತಾಗದೆ ನಿಂತುಬಿಟ್ಟಿದೀನಿ. 1985ರಲ್ಲಿ ನೀರಿಗಿಳಿದ ಹಡಗು ಅದು, ಡೆಕ್ ಮೇಲೆ ಸುಮಾರು 10 ಮೀಟರ್ ಎತ್ತರದ ಎರಡು ಲೋಹದ ಕಂಬ, ಇವೇ ಟರ್ಬೋಸೈಲ್, ಒಳಗೆ ಟೊಳ್ಳು, ದೂರದಿಂದ ನೋಡಿದ್ರೆ ಹೊಗೆಕೊಳವೆ ಅನ್ಕೋಬೇಕು. ಬಟ್ಟೆನೂ ಇಲ್ಲ ಹಗ್ಗನೂ ಇಲ್ಲ. ಇದನ್ನ ಹಾಯಿ ಅನ್ನಬಹುದಾ?

ಅನ್ನಬಹುದು, ಅನ್ನಲೇಬೇಕು ಅಂತ ನನಗನ್ಸುತ್ತೆ, ಯಾಕಂದ್ರೆ ಬೀಸೋ ಗಾಳಿಯಿಂದ ಹಡಗಿಗೆ ಸೆಳೆತ ಕೊಡೋದೇ ಇದರ ಕೆಲಸ. ತೊಂದ್ರೆ ಇರೋದು ಟರ್ಬೋದಲ್ಲಿ. ಅದನ್ನ ಕೇಳಿದ ಕೂಡ್ಲೆ ಕಂಬದ ತುದೀಲಿರೋ ಫ್ಯಾನೇ ಹಡಗನ್ನ ತಳ್ಳುತ್ತೆ ಅನ್ನಿಸಿಬಿಡುತ್ತೆ, ಹಾಗಲ್ಲ. ಕಂಬದ ಮೈಯಲ್ಲಿ ಎರಡೂ ಮಗ್ಗುಲಿಗೆ ತೂತುಗಳಿರ್ತವೆ, ಒಂದು ಕಡೇದನ್ನ ಮುಚ್ಚಿ ಇನ್ನೊಂದು ಕಡೇದನ್ನ ತೆರೆದಿಡ್ತಾರೆ, ಫ್ಯಾನು ಆ ತೂತುಗಳಿಂದ ಮೈಗೆ ತಾಗಿರೋ ಗಾಳೀನ ಒಳಕ್ಕೆ ಎಳ್ಕೊಂಡು ಮೇಲಿಂದ ಬಿಡುತ್ತೆ, ಆಗ ಹೊರಗಿನ ಗಾಳಿ ಚದುರದೆ ಕಂಬಕ್ಕೆ ಅಂಟ್ಕೊಂಡೇ ಬಳಸಿ ಹೋಗುತ್ತೆ, ಆ ಮಗ್ಗುಲಲ್ಲಿ ಒತ್ತಡ ಇಳಿದು ಕಂಬಕ್ಕೆ ಅತ್ತ ಸೆಳೆತ ಸಿಗುತ್ತೆ. ವಿಮಾನದ ರೆಕ್ಕೇನ ನೆಟ್ಟಗೆ ನಿಲ್ಲಿಸಿದ ಹಾಗೆ. ಹೀಗಾಗಿ ನಾನು ಹೀರುಹಾಯಿ ಅಂತ ಬರ್ಕೊಂಡಿದೀನಿ, ಕೆಲಸಾನೂ ಹೇಳುತ್ತೆ, ಬಾಯಿಗೂ ಸಲೀಸು.

ಗಾಳಿಕಂಬ ಅಂತಾನೂ ಯೋಚ್ನೆ ಬಂತು, ಆದ್ರೆ 1924ರಲ್ಲೇ ಜರ್ಮನಿಯ ಆಂಟನ್ ಫ್ಲೆಟ್ನರ್ ಬುಕಾವ್ ಅನ್ನೋ ಹಡಗಿಗೆ ಕೂರಿಸಿದ್ದೂ ಕಂಬಗಳನ್ನೇ, ಅಲ್ಲಿ ಇಡೀ ಕಂಬ ಮೋಟಾರಿಂದ ಗಿರಗಿರ ತಿರುಗುತ್ತೆ, ಇಲ್ಲಿ ಕಂಬ ಗಾಳಿಯ ದಿಕ್ಕಿಗೆ ಹೊಂದಿಸೋಕಷ್ಟೇ ಹೊರಳುತ್ತೆ. ಎರಡಕ್ಕೂ ಒಂದೇ ಪದ ಕೊಟ್ರೆ ಮಕ್ಕಳಿಗೆ ಗೊಂದಲ ಆಗುತ್ತೆ. ಫ್ಲೆಟ್ನರ್ ಕಂಬಕ್ಕೆ ತಿರುಗುಹಾಯಿ ಅಂದ್ರೆ ಹೇಗೆ?

ಇನ್ನೊಂದು, ಪವನಚಾಲಿತ ಹಡಗು ಅಂತ ದಯವಿಟ್ಟು ಸೂಚಿಸ್ಬೇಡಿ. ಆಲ್ಸಿಯೋನ್‌ನಲ್ಲಿ ಡೀಸೆಲ್ ಎಂಜಿನ್ ಇದ್ದೇ ಇದೆ, ಗಾಳಿ ಸಿಕ್ಕಷ್ಟೂ ಎಂಜಿನ್ನಿನ ಭಾರ ಇಳಿಸೋ ಹಾಗೆ ಕಂಪ್ಯೂಟರ್ ಎರಡನ್ನೂ ಹೊಂದಿಸುತ್ತೆ. ಗಾಳಿ ನೆರವಿನ ಹಡಗು ಅನ್ನೋದೇ ಸರಿ ಅನ್ಸುತ್ತೆ ನನಗೆ.

ಕರಾವಳಿ ಕಡೆಯವರನ್ನ ಒಂದು ಕೇಳ್ಬೇಕಿತ್ತು. ಹಾಯಿ ಇದ್ದ ಮಂಜಿಗಳಿಗೆ (ಸರಕು ಸಾಗಿಸೋ ದೊಡ್ಡ ದೋಣಿಗಳಿಗೆ) ಎಂಜಿನ್ ಕೂರಿಸಿದ ಮೇಲೆ, ಹಾಯಿನೂ ಬಿಚ್ಚಿ ಎಂಜಿನ್ನೂ ಓಡಿಸ್ಕೊಂಡು ಹೋಗೋದಕ್ಕೆ ನಿಮ್ಮ ಕಡೆ ಏನಾದ್ರೂ ಬೇರೆ ಮಾತಿದೆಯಾ? ಕುಂದಾಪುರ, ಹೊನ್ನಾವರ, ಕಾರವಾರ ಯಾವ ಕಡೇದಾದ್ರೂ ಸರಿ, ಊರಿನ ಹೆಸರು ಸಮೇತ ತಿಳಿಸಿ.