ಖುಲಾಸೆ ಆದ ಕೇಸನ್ನೂ ಫಾರ್ಮಿನಲ್ಲಿ ಬರೆಯಬೇಕಾ?

ನಮ್ಮೂರು ಆಳಂದ ಹತ್ತಿರ. 2017ರಲ್ಲಿ ಹೊಲದ ಬದುವಿನ ಜಗಳಕ್ಕೆ ಎಫ್‌ಐಆರ್ ಆದಾಗ, ಊರಲ್ಲೇ ಇರದ ನನ್ನ ಹೆಸರೂ ಸೇರಿಸಿದ್ದರು. ಐದು ವರ್ಷ ಕಲಬುರಗಿ ಕೋರ್ಟಿಗೆ ಅಲೆದ ಮೇಲೆ ಖುಲಾಸೆ. ಈಗ ಸರ್ಕಾರಿ ನೌಕರಿ ಫಾರ್ಮಿನಲ್ಲಿ ಹಳೇ ಕೇಸಿನ ಕಾಲಂ ಇದೆ. ಸುಮ್ನೆ 'ಇಲ್ಲ' ಅಂತ ಬರೆದುಬಿಡಲಾ?

ಉತ್ತರ 1: ಬೇಡ ತಮ್ಮಾ. ಮುಚ್ಚಿಟ್ಟದ್ದು ಗೊತ್ತಾದರೆ ಸಿಕ್ಕ ಕೆಲಸವೂ ಹೋಗಬಹುದು. ನಿಜ ಬರೆಯಬೇಕು ಅಂತ 2016ರಲ್ಲಿ ಅವತಾರ್ ಸಿಂಗ್ ಕೇಸಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಬರೆದರೂ ಕೆಲಸ ಕೊಡಲೇಬೇಕು ಅಂತೇನಿಲ್ಲ, ಅದು ಬೇರೆ ಮಾತು.

ಉತ್ತರ 2: ನನ್ನ ಕೇಸ್ ಇನ್ನೂ ನಡೆಯುತ್ತಿದೆ. ಪಾಸ್‌ಪೋರ್ಟಿಗೆ ಕೋರ್ಟ್ ಅನುಮತಿ ತಂದೆ, ಸಿಕ್ಕಿದ್ದು ಒಂದೇ ವರ್ಷದ್ದು. ಅದಕ್ಕಿಂತ ಜಾಸ್ತಿ ನೋವಾಗಿದ್ದು ತಂಗಿಯ ಸಂಬಂಧದಲ್ಲಿ. ಗಂಡಿನ ಕಡೆಯವರು ಚಹಾ ಅರ್ಧಕ್ಕೇ ಇಟ್ಟು ಎದ್ದು ಹೋದರು.

ಕೇಳಿದವರು: ತೀರ್ಪಿನ ಕಾಪಿ ಜೋಳದ ಚೀಲದ ಹಿಂದೆ ಸಿಕ್ಕಿತು, ಮೂಲೆ ಇಲಿ ತಿಂದಿದೆ. ಸೋಮವಾರ ಹೊಸ ಸರ್ಟಿಫೈಡ್ ಕಾಪಿಗೆ ಅರ್ಜಿ ಹಾಕುತ್ತೇನೆ.